ರಕ್ತದಾನಿಗಳ ಬಳಗದಲ್ಲಿ ಯಾರಿಗೆ ಸನ್ಮಾನ ಮಾಡೋದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ರಕ್ತದಾನಿಗಳ ಬಳಗ ಇದೆ. ಜೂನ್ 14ಕ್ಕೆ, ಅಂದರೆ ವಿಶ್ವ ರಕ್ತದಾನಿಗಳ ದಿನಕ್ಕೆ, ಚೆನ್ನಾಗಿ ಕೆಲಸ ಮಾಡಿದ ಮೂವರಿಗೆ ಸನ್ಮಾನ ಮಾಡಬೇಕು ಅಂತಿದ್ದೇವೆ.

ಹೋದ ವರ್ಷ ಯಾರು ಜಾಸ್ತಿ ಸಲ ರಕ್ತ ಕೊಟ್ಟಿದ್ದಾರೆ ಅಂತ ಎಣಿಸಿ ಶಾಲು ಹೊದಿಸಿದೆವು. ಮೂವರೂ ಗಂಡಸರೇ! ಆಮೇಲೆ ಹೊಳೆಯಿತು, ಗಂಡಸರು 3 ತಿಂಗಳಿಗೊಮ್ಮೆ ಕೊಡಬಹುದು, ಹೆಂಗಸರು 4 ತಿಂಗಳು ಕಾಯಬೇಕು, ಜೊತೆಗೆ ಇಬ್ಬರಿಗೂ ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು, ಅದು ಹೆಂಗಸರಲ್ಲೇ ಹೆಚ್ಚಾಗಿ ಕಡಿಮೆ ಇರುತ್ತದೆ. ಇನ್ನು ಎಣಿಕೆಯಲ್ಲಿ ಅವರು ಗೆಲ್ಲುವುದು ಹೇಗೆ? ಈ ಸಲ ವಾಟ್ಸಾಪ್‌ನಲ್ಲಿ ವೋಟ್ ಹಾಕಿಸಿದೆವು, ಸ್ನೇಹಿತರು ಜಾಸ್ತಿ ಇರುವವರಿಗೇ ವೋಟು ಬಿತ್ತು, ಸುಮ್ನೆ ಜಗಳ.

ನಮ್ಮಲ್ಲೊಬ್ಬ ಅಕ್ಕ ಇದ್ದಾರೆ. ರಾತ್ರಿ 2 ಗಂಟೆಗೆ ಫೋನ್ ಬಂದರೂ ಎತ್ತಿ, ಹತ್ತು ಜನಕ್ಕೆ ಕರೆ ಮಾಡಿ ದಾನಿಯನ್ನು ಹುಡುಕಿಕೊಡುತ್ತಾರೆ. ಆದರೆ ಹಿಮೋಗ್ಲೋಬಿನ್ ಕಡಿಮೆ ಅಂತ ಅವರು ಒಮ್ಮೆಯೂ ರಕ್ತ ಕೊಟ್ಟಿಲ್ಲ. ನನ್ನ ಪ್ರಕಾರ ಮೊದಲ ಶಾಲು ಅವರಿಗೇ ಸೇರಬೇಕು, ಆದರೆ "ರಕ್ತದಾನಿಗಳ ದಿನ ರಕ್ತ ಕೊಡದವರಿಗೆ ಯಾಕೆ?" ಅಂತಾರೆ ಕೆಲವರು.

ಇಂಥ ಬಳಗ ನಡೆಸುವವರು ಹೇಳಿ: ರಕ್ತ ಕೊಟ್ಟವರಿಗೂ ಓಡಾಡಿದವರಿಗೂ ಬೇರೆ ಬೇರೆ ಸನ್ಮಾನ ಇಡುತ್ತೀರಾ, ಇಲ್ಲಾ ಒಂದೇನಾ? ಓಡಾಟದ ಲೆಕ್ಕ ಹೇಗೆ ಇಡುತ್ತೀರಿ?