ಒಟ್ಟೊ ಕ್ರೆಚ್ಮರ್ ಮುಳುಗಿಸಿದ ಹಡಗುಗಳು 44ರೋ, 47ರೋ?

ಪ್ರಶ್ನೆ: ಮಾಳಮಡ್ಡಿಯ ಓದುಗ, ಧಾರವಾಡ

ನಮಸ್ಕಾರ. ನಮ್ಮ ಓಣಿಯ ಗೆಳೆಯರು ತಿಂಗಳಿಗೊಮ್ಮೆ ಸೇರಿ ಇತಿಹಾಸದ ಒಂದು ವಿಷಯವನ್ನು ಚರ್ಚಿಸುವ ರೂಢಿಯಿದ್ದು, ಈ ಸಲ ಎರಡನೆಯ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿ ನಾಯಕ ಒಟ್ಟೊ ಕ್ರೆಚ್ಮರ್ ಕುರಿತು ಮಾತನಾಡುವ ಸರದಿ ನನ್ನದು. 1939ರ ಸೆಪ್ಟೆಂಬರಿನಿಂದ 1941ರ ಮಾರ್ಚಿನವರೆಗೆ, ಕೇವಲ ಒಂದೂವರೆ ವರ್ಷ ಕಾದಾಡಿದ ಈತನ ಲೆಕ್ಕವನ್ನು ಯುದ್ಧ ಮುಗಿಯುವವರೆಗೂ ಬೇರೆ ಯಾವ ನಾಯಕನೂ ದಾಟಲಿಲ್ಲ. ಆದರೆ ಮುಳುಗಿಸಿದ ಹಡಗುಗಳು ಒಂದು ಕಡೆ 44, ಇನ್ನೊಂದು ಕಡೆ 47 ಎಂದಿವೆ. ಟನ್ನಿನ ಲೆಕ್ಕವಂತೂ ಸುಮಾರು 2,74,000. ಈ ವ್ಯತ್ಯಾಸವೇಕೆ? ಇಷ್ಟು ಪಳಗಿದವನು ಒಂದೇ ರಾತ್ರಿಯಲ್ಲಿ ಸೆರೆಸಿಕ್ಕಿದ್ದು ಹೇಗೆ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಕೇಶ್ವಾಪುರದ ನಿವೃತ್ತ ನಾವಿಕ, ಹುಬ್ಬಳ್ಳಿ

ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನೌಕಾದಳದಲ್ಲಿ ನನ್ನ ಕೆಲಸವೇ ಸೋನಾರ್ ಉಪಕರಣದ್ದಾಗಿತ್ತು. ಬ್ರಿಟಿಷರು ಆಸ್ಡಿಕ್ ಎಂದು ಕರೆಯುತ್ತಿದ್ದ ಸೋನಾರ್ ಯಂತ್ರವು ನೀರೊಳಗೆ ಶಬ್ದವನ್ನು ಕಳಿಸಿ, ಜಲಾಂತರ್ಗಾಮಿಗೆ ತಾಗಿ ಮರಳುವ ಪ್ರತಿಧ್ವನಿಯಿಂದ ಅದರ ನೆಲೆಯನ್ನು ಗುರುತಿಸುತ್ತಿತ್ತು. ನೀರಿನ ಮೇಲೆಯೇ ತೇಲುತ್ತಿರುವ ಜಲಾಂತರ್ಗಾಮಿಯ ಮಟ್ಟಿಗೆ ಅದು ಬಹುತೇಕ ಕುರುಡು. ಕ್ರೆಚ್ಮರ್‌ನ ಜಲಾಂತರ್ಗಾಮಿ ಯು-99 ನೀರೊಳಗೆ 8 ನಾಟ್ (ಹಡಗಿನ ವೇಗದ ಅಳತೆ) ವೇಗದಲ್ಲಿ ತೆವಳಿದರೆ ನೀರಿನ ಮೇಲೆ 17 ನಾಟ್ ವೇಗದಲ್ಲಿ ಓಡಬಲ್ಲದಾಗಿತ್ತು. ಸರಕು ಹಡಗುಗಳ ಕಾನ್ವಾಯ್‌ಗಳು, ಎಂದರೆ ಬೆಂಗಾವಲಿನಲ್ಲಿ ಒಟ್ಟಾಗಿ ಸಾಗುವ ಗುಂಪುಗಳು, ಅದರ ಅರ್ಧದಷ್ಟು ವೇಗದಲ್ಲಿ ಸಾಗುತ್ತಿದ್ದವು. ಕ್ರೆಚ್ಮರ್ ಇದನ್ನೇ ಹಿಡಿದುಕೊಂಡ. ಕತ್ತಲಾದ ಮೇಲೆ ನೀರಿನ ಮೇಲೆಯೇ ಕಾನ್ವಾಯ್‌ನ ಸಾಲುಗಳ ನಡುವೆ ನುಗ್ಗಿ, ಹತ್ತಿರದಿಂದ ಒಂದು ಹಡಗಿಗೆ ಒಂದೇ ಟಾರ್ಪೆಡೊ ಎಂಬ ನಿಯಮದಲ್ಲಿ ಹೊಡೆಯುತ್ತಿದ್ದ. 1940ರ ಅಕ್ಟೋಬರಿನಲ್ಲಿ ಎಸ್‌ಸಿ-7 ಕಾನ್ವಾಯ್‌ನ 35 ಹಡಗುಗಳಲ್ಲಿ 20 ಮುಳುಗಿದ್ದು ಹಲವು ಜಲಾಂತರ್ಗಾಮಿಗಳು ಸೇರಿ ಹೀಗೆ ನಡೆಸಿದ ದಾಳಿಯಿಂದ.

ಆ ಕತ್ತಲೆಯ ಆಸರೆಯನ್ನು ಕಿತ್ತುಕೊಂಡದ್ದು ರಾಡಾರ್. 1941ರ ಮಾರ್ಚ್ 17ರಂದು ಎಚ್‌ಎಕ್ಸ್-112 ಕಾನ್ವಾಯ್ ಬಳಿ ಬ್ರಿಟಿಷ್ ಡಿಸ್ಟ್ರಾಯರ್ (ವೇಗದ ಬೆಂಗಾವಲು ಯುದ್ಧನೌಕೆ) ವ್ಯಾನಾಕ್, ನೀರಿನ ಮೇಲಿದ್ದ ಯು-100ನ್ನು ರಾಡಾರ್‌ನಲ್ಲಿ ಕಂಡು, ಡಿಕ್ಕಿ ಹೊಡೆದು ಮುಳುಗಿಸಿತು. ಅದರ ನಾಯಕ ಶೆಪ್ಕೆ ಅಲ್ಲಿಯೇ ಸತ್ತ. ಅದೇ ರಾತ್ರಿ ಟಾರ್ಪೆಡೊಗಳೆಲ್ಲ ತೀರಿ ಮರಳುತ್ತಿದ್ದ ಯು-99, ಡಿಸ್ಟ್ರಾಯರ್‌ಗಳನ್ನು ಕಂಡು ನೀರೊಳಗೆ ಇಳಿಯಿತು. ಇಳಿದದ್ದೇ ತಡ, ಆಸ್ಡಿಕ್‌ಗೆ ಸಿಕ್ಕಿತು. ವಾಕರ್ ಎಂಬ ಡಿಸ್ಟ್ರಾಯರ್‌ನ ಡೆಪ್ತ್ ಚಾರ್ಜ್‌ಗಳಿಗೆ (ನೀರೊಳಗೆ ಸಿಡಿಯುವ ಬಾಂಬುಗಳಿಗೆ) ಜಖಂಗೊಂಡು ಮೇಲೆದ್ದಾಗ ಕ್ರೆಚ್ಮರ್ ಶರಣಾದ. ಅವನ ಕಡೆಯ ಮೂವರು ಸತ್ತು, ಅವನೂ ಸೇರಿ 40 ಜನ ಉಳಿದರು. ರಾಡಾರ್‌ಗೆ ಮೊದಲು ಸಿಕ್ಕಿದವನು ಶೆಪ್ಕೆ, ಆಸ್ಡಿಕ್‌ಗೆ ಸಿಕ್ಕಿದವನು ಕ್ರೆಚ್ಮರ್. ಅನೇಕ ಬರಹಗಳು ಇವೆರಡನ್ನೂ ಕಲಸಿಬಿಡುತ್ತವೆ.

ಉತ್ತರ: ಬೆಟಗೇರಿಯಿಂದ, ಗದಗ

ಸಂಖ್ಯೆಯ ವ್ಯತ್ಯಾಸಕ್ಕೆ ಕಾರಣ ಎಣಿಕೆಯ ಕ್ರಮ. ಎಸ್ಟೋನಿಯಾದ ಮೆರಿಸಾರ್ ಹಡಗನ್ನು ಕ್ರೆಚ್ಮರ್ 1940ರ ಜುಲೈನಲ್ಲಿ ಮುಳುಗಿಸದೆ ವಶಪಡಿಸಿಕೊಂಡು ಬೋರ್ಡೊ ಬಂದರಿಗೆ ಹೋಗಲು ಆಜ್ಞಾಪಿಸಿದ. ದಾರಿಯಲ್ಲಿ ಜರ್ಮನ್ ವಿಮಾನಗಳೇ ಅದನ್ನು ಹೊಡೆದು ಮುಳುಗಿಸಿದವು. ಇದು ಯಾರ ಲೆಕ್ಕಕ್ಕೆ? ಒಬ್ಬ ಹೊಡೆದು ಬಿಟ್ಟ ಹಡಗನ್ನು ಇನ್ನೊಬ್ಬ ಮುಗಿಸಿದ ಪ್ರಸಂಗಗಳೂ ಇವೆ. ಇನ್ನು ಟನ್ ಎಂಬುದನ್ನು ತೂಕವೆಂದು ದಯವಿಟ್ಟು ಹೇಳಬೇಡಿ. ಸರಕು ಹಡಗಿನ ನೋಂದಣಿ ಟನ್ ಎಂದರೆ 100 ಘನ ಅಡಿ ಒಳಾವರಣ. ಕ್ರೆಚ್ಮರ್ ಮುಳುಗಿಸಿದ ಲಾರೆಂಟಿಕ್, ಪ್ಯಾಟ್ರೋಕ್ಲಸ್, ಫೋರ್ಫಾರ್ ಎಂಬ ಮೂರು ದೊಡ್ಡ ಪ್ರಯಾಣಿಕ ಹಡಗುಗಳಿಗೆ ಬ್ರಿಟಿಷರು ತೋಪು ಕೂಡಿಸಿ ಯುದ್ಧಕ್ಕೆ ಇಳಿಸಿದ್ದರು. ಅವನ ಲೆಕ್ಕದಲ್ಲಿ ಸುಮಾರು 46,000 ಟನ್ ಬಂದದ್ದು ಈ ಮೂರರಿಂದಲೇ.

ಕ್ರೆಚ್ಮರ್ ಸೆರೆಯ ಬಹುಪಾಲನ್ನು ಕೆನಡಾದ ಬೋಮನ್‌ವಿಲ್ ಶಿಬಿರದಲ್ಲಿ ಕಳೆದು 1947ರಲ್ಲಿ ಬಿಡುಗಡೆಯಾದ. 1955ರಲ್ಲಿ ಪಶ್ಚಿಮ ಜರ್ಮನಿಯ ಹೊಸ ನೌಕಾದಳ ಸೇರಿ, ನ್ಯಾಟೊ ಹುದ್ದೆಯನ್ನೂ ನಿರ್ವಹಿಸಿ, 1970ರಲ್ಲಿ ಫ್ಲೋಟಿಲ್ಲಾ ಅಡ್ಮಿರಲ್ ದರ್ಜೆಯಲ್ಲಿ ನಿವೃತ್ತನಾದ. 1998ರಲ್ಲಿ ತೀರಿಕೊಂಡ.

ಉತ್ತರ: ಗಂಟಿಕೇರಿ, ಹುಬ್ಬಳ್ಳಿ

ಹಿರಿಯರಿಬ್ಬರೂ ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ. ನಮ್ಮ ತಂದೆಯವರು ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿಯಾಗಿ ಕೆಲಸಕ್ಕೆ ಸೇರಿದವರು; ಆ ಶಬ್ದ ಹಡಗಿನ ಕೆಲಸಗಾರರಿಗೂ ಸಲ್ಲುತ್ತಿತ್ತು. ಬ್ರಿಟಿಷ್ ಸರಕು ಹಡಗುಗಳ ಸಿಬ್ಬಂದಿಯಲ್ಲಿ ಹತ್ತಿರ ಹತ್ತಿರ ಕಾಲುಭಾಗ ಭಾರತದ ಖಲಾಸಿಗಳಿದ್ದರು: ಕೊಂಕಣ ತೀರದವರು, ಗೋವಾದವರು, ಸಿಲ್ಹೆಟ್‌ನವರು. ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತ ಹಡಗಿನ ತಳದಲ್ಲಿದ್ದವರಿಗೆ ಟಾರ್ಪೆಡೊ ಬಿದ್ದಾಗ ಮೇಲೇರಿ ಬರಲು ಸಮಯವೇ ಸಿಗುತ್ತಿರಲಿಲ್ಲ. 1940ರ ಸೆಪ್ಟೆಂಬರಿನಲ್ಲಿ ಬ್ಲೈಕ್ರೋಟ್ ಎಂಬ ಇನ್ನೊಬ್ಬ ನಾಯಕ ಮುಳುಗಿಸಿದ 'ಸಿಟಿ ಆಫ್ ಬೆನಾರಸ್' ಹಡಗಿನಲ್ಲಿ ಕೆನಡಾಕ್ಕೆ ಕಳುಹಿಸುತ್ತಿದ್ದ 90 ಮಕ್ಕಳ ಪೈಕಿ 77 ಸತ್ತದ್ದನ್ನು ಎಲ್ಲರೂ ಬರೆಯುತ್ತಾರೆ. ಅದರಲ್ಲಿ ನೂರಕ್ಕೂ ಹೆಚ್ಚು ಖಲಾಸಿಗಳು ಸತ್ತದ್ದನ್ನು ಬರೆಯುವವರು ಕಡಿಮೆ. ಆ ಯುದ್ಧದಲ್ಲಿ ಸಮುದ್ರದಲ್ಲಿ ಮಡಿದ 6,000ಕ್ಕೂ ಹೆಚ್ಚು ಭಾರತೀಯ ನಾವಿಕರ ಹೆಸರುಗಳ ಪುಸ್ತಕ ಮುಂಬೈಯ ನಾವಿಕರ ಗೃಹದಲ್ಲೊಂದು, ಚಿತ್ತಗಾಂಗ್‌ನಲ್ಲೊಂದು ಇದೆ. ತಮ್ಮ ಮಾತಿನಲ್ಲಿ 2,74,333 ಟನ್ ಎಂಬ ಅಂಕಿಯನ್ನು ಹೇಳುವಾಗ ಈ ಪುಸ್ತಕವನ್ನೂ ಹೆಸರಿಸಬೇಕೆಂದು ನನ್ನ ಕಳಕಳಿಯ ವಿನಂತಿ.

ಮಾಳಮಡ್ಡಿಯ ಓದುಗ, ಧಾರವಾಡ

ಮೂವರಿಗೂ ಕೃತಜ್ಞತೆಗಳು. ಟನ್ ಎಂದರೆ ತೂಕವೆಂದೇ ಬರೆದುಕೊಂಡಿದ್ದೆ, ತಿದ್ದಿದ್ದೇನೆ. ಮಾತನ್ನು ಖಲಾಸಿಗಳಿಂದಲೇ ಆರಂಭಿಸುತ್ತೇನೆ. ಹಾವೇರಿ, ಗದಗ ಕಡೆಯಿಂದ ಮುಂಬೈಗೆ ಹೋಗಿ ಆ ಕಾಲದಲ್ಲಿ ಹಡಗು ಹತ್ತಿದವರು ಯಾರ ಮನೆತನದಲ್ಲಾದರೂ ಇದ್ದರೆ ದಯವಿಟ್ಟು ಇಲ್ಲಿ ಬರೆಯಿರಿ.