ಕಂಪನಿ ಒಂದು ದೇಶದಲ್ಲಿ, ಕೆಲಸ ಇನ್ನೊಂದು ದೇಶದಿಂದ: 183 ದಿನದ ಒಳಗಿದ್ದರೆ ಸಾಕಾ?

ದೂರದ_ಮೇಜು (ಪ್ರಶ್ನೆ):
ಸಂಬಳ ಕೊಡುವ ಕಂಪನಿ ಇರೋ ದೇಶ ಬಿಟ್ಟು, ಸೆಪ್ಟೆಂಬರ್ 1ರಿಂದ ಮಾರ್ಚ್ 15ರವರೆಗೆ ಬೇರೊಂದು ದೇಶದಲ್ಲಿದ್ದು ಅದೇ ಕೆಲಸ ಮುಂದುವರಿಸಬೇಕು. ಅಲ್ಲಿ ಕಂಪನಿಗೆ ಕಚೇರಿ ಇಲ್ಲ. ಮ್ಯಾನೇಜರ್ ಬಾಯಿಮಾತಲ್ಲಿ ಹೂಂ ಅಂದಿದ್ದಾರೆ. ಯಾವ ಕ್ಯಾಲೆಂಡರ್ ವರ್ಷದಲ್ಲೂ 183 ದಿನ ದಾಟಲ್ಲ, ಹಾಗಾಗಿ ಅಲ್ಲಿ ತೆರಿಗೆ ಇಲ್ಲ ಅಂದ್ಕೊಂಡಿದ್ದೀನಿ. ಸರಿನಾ? ಟೂರಿಸ್ಟ್ ವೀಸಾ ಸಾಕಾಗುತ್ತಾ?

ಲೆಕ್ಕ_ಪಕ್ಕಾ:
ಮೊದಲು ದಿನ ಎಣಿಸೋಣ. ಡಿಸೆಂಬರ್ ಕೊನೆಗೆ 122, ಆಮೇಲೆ 74, ಒಟ್ಟು 196. 183 ದಿನದ ವಿನಾಯಿತಿ ಇರೋದು ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದಲ್ಲಿ. ಹಳೆಯ ಕೆಲವು ಒಪ್ಪಂದಗಳು ತೆರಿಗೆ ವರ್ಷದ ಲೆಕ್ಕ ಹಿಡಿಯುತ್ತವೆ. ಆ ವರ್ಷ ಜನವರಿಗೆ ಶುರುವಾಗೋದಾದರೆ ನೀವು ಪಾರು. ಒಇಸಿಡಿ (ಮುಂದುವರಿದ ದೇಶಗಳ ಆರ್ಥಿಕ ಸಂಘಟನೆ) ರೂಪಿಸಿದ ಮಾದರಿ ಒಪ್ಪಂದದ ಈಗಿನ 15ನೇ ವಿಧಿ ಮಾತ್ರ ತೆರಿಗೆ ವರ್ಷದಲ್ಲಿ ಶುರುವಾಗುವ ಅಥವಾ ಮುಗಿಯುವ ಯಾವುದೇ 12 ತಿಂಗಳನ್ನು ನೋಡುತ್ತೆ. ಅದರಲ್ಲಿ 196 ಅಂದ್ರೆ ಮಿತಿ ದಾಟಿದ ಹಾಗೆ. ಬಂದ ದಿನ, ಹೊರಟ ದಿನ, ಶನಿವಾರ, ಭಾನುವಾರ, ರಜೆ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಆದ್ದರಿಂದ ಆ ಎರಡು ದೇಶಗಳ ನಡುವಿನ ಒಪ್ಪಂದದ ಮೂಲಪಠ್ಯವನ್ನೇ ತೆಗೆದು ಓದಿ, ಸಾರಾಂಶ ನಂಬಬೇಡಿ.

ದಿನ ಕಡಿಮೆ ಆದರೂ ಅಷ್ಟಕ್ಕೇ ಮುಗಿಯಲ್ಲ. ಇನ್ನೆರಡು ಷರತ್ತಿವೆ: ಸಂಬಳ ಕೊಡುವವರು ಆ ದೇಶದ ನಿವಾಸಿ ಆಗಿರಬಾರದು, ಅಲ್ಲಿ ಕಂಪನಿಗೆ ‘ಕಾಯಂ ನೆಲೆ’ (ಆ ದೇಶ ತೆರಿಗೆಗಾಗಿ ಕಂಪನಿಯ ಶಾಖೆ ಅಂತ ಎಣಿಸುವಂಥದ್ದು) ಇದ್ದು ಅದು ಸಂಬಳದ ಖರ್ಚು ಹೊತ್ತಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ಅಲ್ಲಿ ಮಾಡಿದ ಕೆಲಸದ ಸಂಬಳಕ್ಕೆ ಮೊದಲ ದಿನದಿಂದಲೇ ಅಲ್ಲಿ ತೆರಿಗೆ ಹಾಕಬಹುದು. ಎರಡು ದೇಶಗಳ ನಡುವೆ ಒಪ್ಪಂದವೇ ಇಲ್ಲದಿದ್ದರೆ ಈ ವಿನಾಯಿತಿಯೂ ಇಲ್ಲ, ಆ ದೇಶದ ಕಾನೂನು ಹೇಳಿದ್ದೇ ಕೊನೆ. ಇನ್ನು ‘ತೆರಿಗೆ ನಿವಾಸಿ’ ಆಗೋದು, ಅಂದ್ರೆ ತೆರಿಗೆ ಮಟ್ಟಿಗೆ ಆ ದೇಶದವರೇ ಅಂತ ಎಣಿಕೆಯಾಗೋದು, ಪೂರ್ತಿ ಬೇರೆ ಪ್ರಶ್ನೆ. ಅದಕ್ಕೂ ಎಷ್ಟೋ ದೇಶಗಳಲ್ಲಿ 183 ಸಂಖ್ಯೆಯೇ ಇರೋದರಿಂದ ಜನ ಎರಡನ್ನೂ ಕಲಸಿಬಿಡ್ತಾರೆ.

ಕೈಗೆ ಬರುವ ದುಡ್ಡಿನ ವಿಚಾರ: ಕಂಪನಿ ತನ್ನ ದೇಶದಲ್ಲಿ ತೆರಿಗೆ ಹಿಡೀತಾನೇ ಇರುತ್ತೆ, ನೀವು ಹೋದ ದೇಶದಲ್ಲೂ ಕಟ್ಟಬೇಕಾಗುತ್ತೆ. ಎರಡು ಸಲ ಕಟ್ಟಿದ್ದಕ್ಕೆ ಕ್ರೆಡಿಟ್ (ಒಂದು ಕಡೆ ಕಟ್ಟಿದ್ದನ್ನು ಇನ್ನೊಂದು ಕಡೆ ಕಳೆಯೋದು) ಸಿಗೋದು ರಿಟರ್ನ್ ಸಲ್ಲಿಸಿದ ಮೇಲೆ. ಆ ನಡುವಿನ ತಿಂಗಳುಗಳಿಗೆ ಕೈಯಲ್ಲಿ ಹಣ ಇಟ್ಟುಕೊಳ್ಳಿ.

ಗಡಿ_ದಾಟು:
ವೀಸಾ ಬಗ್ಗೆ. ವೀಸಾ ಇಲ್ಲದೆ ಪ್ರವೇಶ ಸಿಗುತ್ತೆ ಅಂದ ಮಾತ್ರಕ್ಕೆ ಕೆಲಸ ಮಾಡೋ ಅನುಮತಿ ಸಿಕ್ಕ ಹಾಗಲ್ಲ. ‘ಸಂಬಳ ಹೊರಗಿಂದ ಬರುತ್ತಲ್ಲ’ ಅನ್ನೋ ವಾದ ಕೆಲವು ಕಡೆ ನಡೆಯುತ್ತೆ, ಎಲ್ಲ ಕಡೆ ಅಲ್ಲ. ಎಸ್ಟೋನಿಯಾ 2020ರಲ್ಲಿ, ಪೋರ್ಚುಗಲ್ 2022ರಲ್ಲಿ, ಸ್ಪೇನ್ 2023ರಲ್ಲಿ ಇದಕ್ಕೆಂದೇ ಪ್ರತ್ಯೇಕ ವೀಸಾ (‘ನೋಮ್ಯಾಡ್ ವೀಸಾ’) ತಂದವು. ಇಂಥವಕ್ಕೆ ಸಾಮಾನ್ಯವಾಗಿ ಕನಿಷ್ಠ ಆದಾಯದ ದಾಖಲೆ, ಆರೋಗ್ಯ ವಿಮೆ, ದೂರದಿಂದ ಕೆಲಸ ಮಾಡಬಹುದು ಎಂಬ ಕಂಪನಿಯ ಪತ್ರ ಬೇಕು. ಬಾಯಿಮಾತಿನ ಹೂಂ ಇಲ್ಲಿ ಕೆಲಸಕ್ಕೆ ಬರಲ್ಲ. ನೋಮ್ಯಾಡ್ ವೀಸಾ ಇದ್ದರೆ ತೆರಿಗೆ ಮಾಫಿ ಅಂತಲೂ ತಿಳ್ಕೋಬೇಡಿ.

ಎಲ್ಲರೂ ಮರೆಯೋದು ಸಾಮಾಜಿಕ ವಿಮೆ (ಪಿಂಚಣಿಯಂಥ ಸರ್ಕಾರಿ ಯೋಜನೆಗೆ ಕಟ್ಟುವ ವಂತಿಗೆ). ಇದಕ್ಕೆ ತೆರಿಗೆ ಒಪ್ಪಂದ ಅನ್ವಯಿಸಲ್ಲ, 183ಕ್ಕೂ ಸಂಬಂಧ ಇಲ್ಲ. ಸಾಮಾನ್ಯ ನಿಯಮ: ಕೂತು ಕೆಲಸ ಮಾಡೋ ದೇಶಕ್ಕೇ ವಂತಿಗೆ. ತಪ್ಪಿಸಿಕೊಳ್ಳಲು ಎರಡೂ ದೇಶಗಳ ನಡುವೆ ಪ್ರತ್ಯೇಕ ಒಪ್ಪಂದ ಇರಬೇಕು, ಮತ್ತು ಮೂಲ ದೇಶದಿಂದ ಪ್ರಮಾಣಪತ್ರ ತರಬೇಕು. ಯುರೋಪಿಯನ್ ಒಕ್ಕೂಟದ ಒಳಗೆ ಅದು ಎ1 ಪತ್ರ. ಅಮೆರಿಕದ ಒಪ್ಪಂದಗಳಲ್ಲಿ ‘ಸರ್ಟಿಫಿಕೇಟ್ ಆಫ್ ಕವರೇಜ್’. ಯುರೋಪಿನಲ್ಲಿ 2023ರ ಜುಲೈ 1ರಿಂದ, ಇದರ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳ ನಡುವೆ, ವಾಸದ ದೇಶದಿಂದ ಮಾಡುವ ಕೆಲಸ ಶೇ. 50ಕ್ಕಿಂತ ಕಡಿಮೆ ಇದ್ದರೆ ಕಂಪನಿಯ ದೇಶದ ವಿಮೆಯಲ್ಲೇ ಉಳಿಯಬಹುದು. ಅರ್ಜಿಯನ್ನು ಹೊರಡುವ ಮುಂಚೆಯೇ ಹಾಕಿಸಿ.

ಎಚ್‌ಆರ್_ಕಿಟಕಿ:
ಮ್ಯಾನೇಜರ್ ಒಪ್ಪಿದರೂ ಎಚ್‌ಆರ್ ಬೇಡ ಅನ್ನೋದಕ್ಕೆ ಬಹುಪಾಲು ಕಾರಣ ಆ ‘ಕಾಯಂ ನೆಲೆ’. ನಿಮ್ಮ ಮನೆಯ ಮೇಜೇ ಕಂಪನಿಯ ಶಾಖೆ ಅಂತ ಆ ದೇಶ ಹೇಳಿದರೆ ಲಾಭದ ಮೇಲೂ ತೆರಿಗೆ ಬರುತ್ತೆ. ಕೋಡ್ ಬರೆಯುವವರಿಗಿಂತ ಮಾರಾಟದವರ ಅಪಾಯ ದೊಡ್ಡದು: ಕಂಪನಿ ಪರವಾಗಿ ಅಲ್ಲಿಂದಲೇ ಮತ್ತೆ ಮತ್ತೆ ಒಪ್ಪಂದ ಕುದುರಿಸಿದರೆ ಕಚೇರಿ ಇಲ್ಲದೆಯೂ ನೆಲೆ ಆಗಬಹುದು. ಹಾಗಾಗಿ ಪತ್ರದಲ್ಲಿ ‘ಗ್ರಾಹಕ ಒಪ್ಪಂದಕ್ಕೆ ಅಧಿಕಾರ ಇಲ್ಲ, ನೌಕರ ಸ್ವಂತ ಕೋರಿಕೆ ಮೇಲೆ ಹೋಗುತ್ತಿದ್ದಾನೆ, ಇಂಥ ದಿನಾಂಕಕ್ಕೆ ವಾಪಸ್’ ಎಂದು ಬರೆಸಿ. ಕಾಗದದಲ್ಲಿ ಇರೋದೇ ನಿಜದಲ್ಲೂ ನಡೀಬೇಕು, ಇಲ್ಲದಿದ್ದರೆ ಆ ಪತ್ರಕ್ಕೆ ಬೆಲೆ ಇಲ್ಲ.

ಕೆಲವರು ‘ಕಾಂಟ್ರಾಕ್ಟರ್ ಆಗಿ ಬಿಡು’ ಅಂತಾರೆ. ಒಬ್ಬರೇ ಗ್ರಾಹಕ, ಅವರದೇ ಲ್ಯಾಪ್‌ಟಾಪ್, ರಜೆಗೆ ಅವರದೇ ಅನುಮತಿ ಅಂದ್ರೆ ಬಹಳಷ್ಟು ದೇಶಗಳು ಅದನ್ನ ನೌಕರಿ ಅಂತಲೇ ನೋಡ್ತವೆ. ಎಂಪ್ಲಾಯರ್ ಆಫ್ ರೆಕಾರ್ಡ್ (ಆ ದೇಶದಲ್ಲಿ ನಿಮ್ಮನ್ನ ಕಾಗದದ ಮೇಲೆ ತನ್ನ ನೌಕರನಾಗಿ ಇಟ್ಟುಕೊಳ್ಳುವ ಮಧ್ಯವರ್ತಿ ಕಂಪನಿ) ಮೂಲಕ ಹೋದರೆ ಸಂಬಳ, ವಿಮೆಯ ವಿಷಯ ಸರಿಹೋಗುತ್ತೆ. ಆದರೆ ಹಳೆಯ ಕೆಲಸದ ಒಪ್ಪಂದ ಕಡಿದು ಹೊಸದು ಆಗೋದರಿಂದ ಸೇವಾವಧಿ, ಷೇರು ಆಯ್ಕೆ (ಸ್ಟಾಕ್ ಆಪ್ಷನ್) ಏನಾಗುತ್ತೆ ಅಂತ ಮೊದಲೇ ಬರಹದಲ್ಲಿ ಕೇಳಿ. ಆರೂವರೆ ತಿಂಗಳಿಗೆ ಅಷ್ಟೆಲ್ಲ ಮಾಡೋದು ನನ್ನ ಪ್ರಕಾರ ಅತಿಯಾಯ್ತು. ವಾಪಸಾತಿಯನ್ನ ಫೆಬ್ರವರಿ ಕೊನೆಗೆ ತಂದರೂ 181 ದಿನಕ್ಕೆ ಇಳಿಯುತ್ತೆ.

ಲೆಕ್ಕ_ಪಕ್ಕಾ:
181 ಸರಿ, ಆದರೆ ಅದೇ 12 ತಿಂಗಳಲ್ಲಿ ಆ ದೇಶಕ್ಕೆ ಬೇರೆ ಪ್ರವಾಸ ಹೋಗಿದ್ದರೆ ಆ ದಿನಗಳೂ ಕೂಡುತ್ತವೆ. ಫೆಬ್ರವರಿಗೆ 29 ದಿನ ಇದ್ದರೆ 182.

ಕೇಬಲ್_ಕಟ್ಟು:
ಯಂತ್ರದ ಕಡೆ ಎರಡು ಮಾತು. ಎಷ್ಟೋ ಕಂಪನಿಗಳ ಲಾಗಿನ್ ದೇಶವಾರು ತಡೆ ಹಾಕಿರುತ್ತೆ. ದಿನಾಂಕ ಕೊಟ್ಟು ಐಟಿಯವರಿಂದ ತೆರೆಸಿಕೊಳ್ಳಿ. ಸ್ವಂತ ವಿಪಿಎನ್ ಹಾಕಿ ಜಾಗ ಮರೆಮಾಚೋದು ಬೇಡ: ವಿಪಿಎನ್ ಒಂದು ಕ್ಷಣ ಕಡಿದರೂ ನಿಜವಾದ ಐಪಿ ಲಾಗ್‌ನಲ್ಲಿ ಕೂರುತ್ತೆ, ಒಂದೇ ಗಂಟೆಯಲ್ಲಿ ಎರಡು ದೇಶದಿಂದ ಲಾಗಿನ್ ಅಂತ ಎಚ್ಚರಿಕೆ ಹೋಗುತ್ತೆ, ಖಾತೆ ಲಾಕ್ ಆಗುತ್ತೆ. ಒಟಿಪಿ ಎಸ್‌ಎಂಎಸ್‌ನಲ್ಲಿ ಬರೋದಿದ್ದರೆ ಹೊರಡುವ ಮುಂಚೆಯೇ ಆಥೆಂಟಿಕೇಟರ್ ಆ್ಯಪ್‌ಗೆ ಬದಲಾಯಿಸಿ, ಬ್ಯಾಕಪ್ ಕೋಡ್ ಕಾಗದದಲ್ಲಿ ಇಟ್ಟುಕೊಳ್ಳಿ. ಬ್ಯಾಂಕಿನ ಒಟಿಪಿ ಹಳೆಯ ನಂಬರಿಗೇ ಬರೋದರಿಂದ ಆ ಸಿಮ್ ಸತ್ತುಹೋಗದ ಹಾಗೆ ನೋಡ್ಕೊಳ್ಳಿ.