ಅಪ್‌ಡೇಟ್: ಇಂಟೆಲ್ ಮ್ಯಾಕ್ ಬಿಟ್ಟು ಎಂ2 ಏರ್ ತಂದೆ

ಮುಂಬೈನ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಸೆಕೆಂಡ್ ಹ್ಯಾಂಡ್ ಇಂಟೆಲ್ ಚಿಪ್‌ನ ಮ್ಯಾಕ್‌ಬುಕ್ ಕೊಳ್ಳಲಾ, ಆಪಲ್‌ನದೇ ಎಂ ಸರಣಿಯ ಚಿಪ್ ಇರುವುದಕ್ಕೆ ದುಡ್ಡು ಹಾಕಲಾ, ಇಲ್ಲಾ ಇನ್ನೂ ಕಾಯಲಾ ಅಂತ ಕೇಳಿದ್ದೆನಲ್ಲ. ಕೊನೆಗೆ ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್ ತಂದೆ.

ಕೈ ಹಿಡಿದದ್ದು ಒಂದೇ ಸಲಹೆ: ಚಿಪ್ ಬಿಡಿ, ದಿನಾ ಬಳಸುವ ಸಾಫ್ಟ್‌ವೇರ್ ನೋಡಿ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಡೊಂಬಿವಲಿಯ ಗೆಳೆಯರೊಬ್ಬರ ಎಂ1ನಲ್ಲಿ ನನ್ನ ಸಾಫ್ಟ್‌ವೇರ್‌ಗಳನ್ನೆಲ್ಲ ಹಾಕಿ, ಮ್ಯಾಕ್‌ನಲ್ಲೇ ಇರುವ ಆಕ್ಟಿವಿಟಿ ಮಾನಿಟರ್ ತೆರೆದು, ಸಾಫ್ಟ್‌ವೇರ್ ಯಾವ ಚಿಪ್‌ಗೆ ಮಾಡಿದ್ದು ಅಂತ ತೋರಿಸುವ 'ಕೈಂಡ್' ಕಾಲಂ ನೋಡಿದೆ. ಹೆಚ್ಚಿನವುಗಳ ಮುಂದೆ 'ಆಪಲ್' ಅಂತಿತ್ತು. ಹಳೇ ಆಡಿಯೋ ಎಡಿಟರ್ ಒಂದು ಮಾತ್ರ 'ಇಂಟೆಲ್'. ಅದೂ ರೊಸೆಟಾ 2 (ಇಂಟೆಲ್‌ಗೆ ಮಾಡಿದ ಸಾಫ್ಟ್‌ವೇರನ್ನು ಎಂ ಚಿಪ್‌ನಲ್ಲಿ ಓಡಿಸುವ ಆಪಲ್‌ನ ವ್ಯವಸ್ಥೆ) ಮೂಲಕ ಸಲೀಸಾಗಿ ಓಡಿತು.

ಕಾಯಿರಿ ಅನ್ನುವ ಮಾತು ನನಗೆ ಒಪ್ಪಿಗೆಯಾಗಲಿಲ್ಲ. 2020ರ ನವೆಂಬರ್‌ನಲ್ಲಿ ಎಂ1 ಜೊತೆ ಶುರುವಾದ, ಇಂಟೆಲ್‌ನಿಂದ ಆಪಲ್ ಚಿಪ್‌ಗೆ ಹೋಗುವ ಬದಲಾವಣೆ 2023ರಲ್ಲೇ ಮುಗಿದಿದೆ, ಸುಮ್ನೆ ಯಾಕೆ ಕಾಯಬೇಕು? ಬೂಟ್ ಕ್ಯಾಂಪ್‌ನಲ್ಲಿ (ಇಂಟೆಲ್ ಮ್ಯಾಕ್‌ನಲ್ಲಿ ವಿಂಡೋಸ್ ಹಾಕಲು ಆಪಲ್ ಕೊಟ್ಟ ಸೌಲಭ್ಯ) ವಿಂಡೋಸ್ ಹಾಕಿ, ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶ ಬಳಸುವುದೂ ಆಗಲಿಲ್ಲ, ಎಂ ಚಿಪ್‌ನಲ್ಲಿ ಬೂಟ್ ಕ್ಯಾಂಪೇ ಇಲ್ಲ. ಕನ್ನಡಕ್ಕೆ ಮ್ಯಾಕ್‌ನಲ್ಲೇ ಇರುವ ಕೀಬೋರ್ಡ್ ಸಾಕಾಯಿತು.

ಹೊಸದಾಗಿ ತಿಳಿದದ್ದು: ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯ ಓಎಸ್ ಮ್ಯಾಕ್‌ಓಎಸ್ 26. ಅದೂ ಕೆಲವೇ ಮಾಡೆಲ್‌ಗಳಿಗೆ. ರೊಸೆಟಾ ಕೂಡ ಪೂರ್ತಿಯಾಗಿ ಮ್ಯಾಕ್‌ಓಎಸ್ 27ರ ತನಕ ಮಾತ್ರ ಅಂತ ಆಪಲ್ ಹೇಳಿದೆ. ಹಳೇ ಸಾಫ್ಟ್‌ವೇರ್ ನೆಚ್ಚಿಕೊಂಡವರು ಅದರ ಹೊಸ ಆವೃತ್ತಿ ಬಂದಿದೆಯಾ ಅಂತ ಈಗಲೇ ನೋಡಿಕೊಳ್ಳಿ.